ಹುಣಸೆ ಬೀಜ ಮತ್ತು ಹದಿನೈದನೆಯ ಸಾಲು

ಇಲ್ಲ, ಆಗ ಕರೆಂಟು ಹೋಗಿರಲಿಲ್ಲ ಎಂದೇ ಈಗ ಅನ್ನಿಸುತ್ತಿದೆ. ಇಪ್ಪತ್ತು ವರ್ಷಗಳಿಂದ ಈ ಕತೆ ಹೇಳುವಾಗೆಲ್ಲ ಸರಿಯಾಗಿ ಆ ಜಾಗಕ್ಕೆ ಬಂದ ಕೂಡಲೇ ನಾನು ಕರೆಂಟು ತೆಗೆದುಬಿಡುತ್ತೇನೆ. ಮಾಲೀಕರು "ಇದನ್ನ ಬರ್ದೋರು ಯಾರ್ರೀ?" ಎಂದು ಕೇಳುತ್ತಾರೆ, ನಾನು ಬಾಯಿ ತೆರೆಯುತ್ತೇನೆ, ಫ್ಯಾನು ನಿಧಾನವಾಗುತ್ತದೆ, ಮೂರು ಕಂಪ್ಯೂಟರಿನ ಪರದೆಗಳೂ ನಡುವಿನ ಒಂದು ಚುಕ್ಕೆಯೊಳಕ್ಕೆ ಸೇರಿಕೊಂಡು ಆರಿಹೋಗುತ್ತವೆ. ಕೇಳುವವರು ನಗುತ್ತಾರೆ. ತೊಂಬತ್ತರ ದಶಕದ ಹುಣಸೂರಿನಲ್ಲಿ ಕರೆಂಟು ಹೋಯಿತು ಎಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ.

ಅನುಮಾನ ಹುಟ್ಟಿಸಿದ್ದು ಒಂದು ಡಬ್ಬಿ. ಕ್ಯಾಮೆರಾ ರೀಲು ಹಾಕಿಕೊಡುತ್ತಿದ್ದರಲ್ಲ, ಕಪ್ಪು ಪ್ಲಾಸ್ಟಿಕ್ಕಿನ, ಬೂದು ಮುಚ್ಚಳದ ಡಬ್ಬಿ, ಅದು. ಮೊನ್ನೆ ಟಾರ್ಚಿನ ಸೆಲ್ಲಿಗಾಗಿ ಮೇಜಿನ ಖಾನೆಯಲ್ಲಿ ತಡಕಾಡುವಾಗ ಕೈಗೆ ಬಂತು. ಅಲ್ಲಾಡಿಸಿದೆ, ಸದ್ದಿಲ್ಲ. ಮುಚ್ಚಳ ಕಿತ್ತರೆ ಒಳಗೆ ನಾಲ್ಕು ಹುಣಸೆ ಬೀಜ, ಅವು ಗಿಲಿಗಿಲಿ ಎನ್ನದಂತೆ ಸುತ್ತಿ ತುರುಕಿದ ಒಂದು ಕಾಗದ. ಬೀಜಗಳ ಒಂದು ಮಗ್ಗುಲು ಕಂದು. ಇನ್ನೊಂದು ಮಗ್ಗುಲನ್ನು ಕಲ್ಲಿಗೆ ತೇದು ಬೆಳ್ಳಗೆ ಮಾಡಿದೆ. ಕವಡೆ ಇಲ್ಲದ ಮನೆಗಳಲ್ಲಿ ಚೌಕಾಬಾರ ಆಡಲು ಇವೇ ಕವಡೆ. ಕಾಗದವನ್ನು ನಾನು ಇಷ್ಟು ವರ್ಷವೂ ಬರೀ ಕಾಗದ ಎಂದುಕೊಂಡಿದ್ದೆ. ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಈಗಲೇ ಬಿಡಿಸಿ ತೋರಿಸಿದರೆ ಉಳಿದ ನೆನಪುಗಳೆಲ್ಲ ಗಾಬರಿಬಿದ್ದು ಅದಕ್ಕೆ ತಕ್ಕಂತೆ ಮಾತಾಡತೊಡಗುತ್ತವೆ.

ಹುಣಸೆ ಬೀಜ ತೇಯುವುದೂ ಒಂದು ವಿದ್ಯೆಯೇ. ಹಂಪಾಪುರದ ಶಾಲೆಯ ಮೆಟ್ಟಿಲ ಮೇಲೆ ನಾವು ಸಾಲಾಗಿ ಕೂತು ತೇಯುತ್ತಿದ್ದೆವು. ಎಂಜಲು ಹಚ್ಚಬಾರದು, ಜಾರುತ್ತದೆ. ಬೀಜ ಕಾದು ಬೆರಳು ಸುಡತೊಡಗಿದಾಗ ಪಕ್ಕದವನ ತೋಳಿಗೆ ಒಂದು ಸಲ ಮುಟ್ಟಿಸಬೇಕು. ಅವನು "ಅಯ್ಯಪ್ಪೋ" ಎಂದು ನೆಗೆದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ಅರ್ಥ. ನನ್ನ ಎಡತೋಳಿನಲ್ಲಿ ಅಂಥ ಒಂದು ಕಲೆ ಇದೆ ಎಂದು ನನ್ನ ಮಕ್ಕಳಿಗೆ ತೋರಿಸಿದ್ದೇನೆ. ನಮ್ಮಮ್ಮ ಮಾತ್ರ ಅದು ಹುಟ್ಟುಮಚ್ಚೆ ಎನ್ನುತ್ತಿದ್ದಳು. ಇನ್ನು ಆ ಮೆಟ್ಟಿಲು ಹಂಪಾಪುರದ್ದೋ, ಅಪ್ಪನಿಗೆ ವರ್ಗವಾದ ಮೇಲೆ ನಾನು ಸೇರಿದ ಎಚ್.ಡಿ. ಕೋಟೆಯ ಶಾಲೆಯದೋ. ನನ್ನ ತಲೆಯಲ್ಲಿ ಎರಡು ಶಾಲೆಗೂ ಸೇರಿ ಒಂದೇ ಮೆಟ್ಟಿಲು ಉಳಿದಿದೆ.

ಇಂಥ ತಲೆಯನ್ನು ಹೊತ್ತುಕೊಂಡು ನಾನು ಹುಣಸೂರಿನಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿದ್ದೆ. ಮರ ಕುಯ್ಯುವ ಮಿಲ್ಲಿನ ಆಫೀಸು ಕೆಳಗೆ, ನಮ್ಮ ಕ್ಲಾಸು ಮೇಲೆ. ಎರಡಕ್ಕೂ ಮಾಲೀಕರು ನಂಜುಂಡಪ್ಪನವರು. ಮೂರು ಕಂಪ್ಯೂಟರು, ಹಸಿರು ಅಕ್ಷರ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು. ಚಪ್ಪಲಿಯ ಧೂಳಿಗೆ ಅಷ್ಟು ಹೆದರುತ್ತಿದ್ದ ನಾವು ಕೆಳಗಿನ ಗರಗಸದಿಂದ ಕಿಟಕಿಯಲ್ಲಿ ಹಾರಿಬಂದು ಕೀಬೋರ್ಡಿನ ಮೇಲೆ ಕೂರುವ ಹೊಟ್ಟನ್ನು ದಿನಾ ಬೆಳಿಗ್ಗೆ ಬಾಯಲ್ಲಿ ಉಫ್ ಎಂದು ಊದಿ ಪಾಠ ಶುರುಮಾಡುತ್ತಿದ್ದೆವು. ಇವತ್ತಿಗೂ ತೇಗ ಕುಯ್ಯುವ ವಾಸನೆ ಬಂದರೆ ನನಗೆ ಕಂಪ್ಯೂಟರು ನೆನಪಾಗುತ್ತದೆ. ಹೊಸ ಕಂಪ್ಯೂಟರು ಮೂಸಿದರೆ ಏನೋ ಕಡಿಮೆಯಾಗಿದೆ ಎನಿಸುತ್ತದೆ.

ಮೊದಲ ಬ್ಯಾಚಿನಲ್ಲಿ ಒಂಬತ್ತು ಜನ. ಏಳು ಜನರ ಮುಖ ಮರೆತಿದ್ದೇನೆ. ನೆನಪಿರುವ ಇಬ್ಬರಲ್ಲಿ ಒಬ್ಬ ನಯಾಜ್, ಮಂಚದ ಕಾಲಿಗೆ ಹೂವು ಬಳ್ಳಿ ಕೆತ್ತುವ ಕೆಲಸಗಾರ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಇನ್ನೊಬ್ಬರು ರತ್ನಮ್ಮ. ಚುಂಚನಕಟ್ಟೆ ಕಡೆಯವರು, ಹುಣಸೂರಿಗೆ ಮದುವೆಯಾಗಿ ಬಂದವರು. ಬಸ್ ಸ್ಟ್ಯಾಂಡಿನ ಹಿಂದಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಹನ್ನೊಂದು ವರ್ಷ ಕಲಿಸಿದ್ದರು. ಗಂಡ ಇರಲಿಲ್ಲ, ಮನೆಯಲ್ಲಿ ಅತ್ತೆ, ಹೈಸ್ಕೂಲಿನ ಮಗಳು. ಆ ವರ್ಷ ಟೈಪಿಂಗಿಗೆ ಬಂದ ಹೊಸಬರು ಇಬ್ಬರೇ. ಯುಗಾದಿ ಹೊತ್ತಿಗೆ ಇನ್‌ಸ್ಟಿಟ್ಯೂಟು ಮುಚ್ಚುವುದು ಖಾತ್ರಿಯಾಗಿತ್ತು.

"ನನ್ ಮಿಷನ್‌ಗಳ್ನ ಗುಜ್ರಿಯೋನು ನೋಡ್ಕೊಂಡ್ ಹೋದ ಸಾರ್," ಎಂದು ಸೇರಿದ ದಿನವೇ ಹೇಳಿದ್ದರು. "ನನ್ನನ್ನೂ ನೋಡ್ದ. ತೂಕಕ್ಕೆ ಬರಲ್ಲ ಅಂತ ಬುಟ್ಟೋದ."

ಅವರು ಟೈಪ್ ಮಾಡುವುದನ್ನು ನೋಡಲು ಕೆಳಗಿನ ಮಿಲ್ಲಿನವರು ಮೆಟ್ಟಿಲು ಹತ್ತಿ ಬರುತ್ತಿದ್ದರು. ಕೀಬೋರ್ಡಿನ ಕಡೆ ಕಣ್ಣೇ ಇಲ್ಲ. ಕೀಲಿಗಳ ಮೇಲೆ ಕಬ್ಬಿಣದ ಹೊಡೆತ. ಸಾಲು ಮುಗಿದರೆ ಎಡಗೈ ತಾನೇ ಎದ್ದು ಹೋಗಿ ಟೈಪ್‌ರೈಟರಿನ ಹಿಡಿಕೆ ಎಳೆಯುವ ಹಾಗೆ ಮಾನಿಟರಿನ ಕೆನ್ನೆಗೆ ಒಂದು ತಟ್ಟುತ್ತಿತ್ತು. ತಪ್ಪಾದ ಅಕ್ಷರವನ್ನು ಅಳಿಸಬಹುದು ಎಂದು ತೋರಿಸಿದಾಗ ಅವರಿಗೆ ಸಂತೋಷವಾಗಲಿಲ್ಲ. "ಅಳಿಸ್ಬೋದು ಅಂತ ಗೊತ್ತಾದ್ರೆ ಬೆರಳು ಕೆಟ್ಟೋಯ್ತವೆ ಸಾರ್," ಎಂದರು. ಏನನ್ನೇ ಟೈಪ್ ಮಾಡುವ ಮೊದಲೂ ಅವರು ಪೂರ್ತಿ ಒಂದು ಸಲ ತುಟಿಯಾಡಿಸಿ ಓದುತ್ತಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ. ನಾನು ಇಪ್ಪತ್ತು ವರ್ಷ ನೆನಪಿಟ್ಟುಕೊಳ್ಳಲಿಲ್ಲ.

ನನ್ನ ಪಾಠ ಹೇಗಿತ್ತೆಂದರೆ, ನನಗೆ ಹೇಳಿಕೊಟ್ಟ ಹಾಗೇ ಇತ್ತು. ಬೇಸಿಕ್ ಎಂಬ ಭಾಷೆ. ಅದರಲ್ಲಿ ಕಂಪ್ಯೂಟರಿಗೆ ಕೊಡುವ ಆಜ್ಞೆಗಳನ್ನು ಸಾಲುಸಾಲಾಗಿ ಬರೆದು ಪ್ರತಿ ಸಾಲಿಗೂ ನಂಬರು ಕೊಡಬೇಕು: ಹತ್ತು, ಇಪ್ಪತ್ತು, ಮೂವತ್ತು. ಒಂದು, ಎರಡು, ಮೂರು ಎಂದು ಕೊಡುವಂತಿಲ್ಲವೇ? ಕೊಡಬಹುದು. ಆದರೆ ಮುಂದೆ ಯಾವಾಗಲೋ ನಡುವೆ ಒಂದು ಮಾತು ಸೇರಿಸಬೇಕು ಅನ್ನಿಸಿದರೆ ಜಾಗ ಬೇಕಲ್ಲ? ಹತ್ತಕ್ಕೂ ಇಪ್ಪತ್ತಕ್ಕೂ ನಡುವೆ ಹದಿನೈದು ಎಂದು ಹಾಕಿಬಿಟ್ಟರೆ ಆಯಿತು; ಅದು ಮೊದಲಿಂದಲೂ ಅಲ್ಲೇ ಇದ್ದ ಹಾಗೆ ಕೂತುಕೊಳ್ಳುತ್ತದೆ. ಇದನ್ನು ಹೇಳಿಕೊಟ್ಟು ಮೂರು ಅಂಕಿಗಳ ಸರಾಸರಿ ತೆಗೆಸಿದೆ. ಆಮೇಲೆ ಸೆಲ್ಸಿಯಸ್ಸನ್ನು ಫ್ಯಾರನ್‌ಹೀಟಿಗೆ ತಿರುಗಿಸಿದೆವು. ಹುಣಸೂರಿನಲ್ಲಿ ಫ್ಯಾರನ್‌ಹೀಟು ಕೇಳಿದವರು ಯಾರೂ ಇರಲಿಲ್ಲ. ಎರಡನೇ ವಾರಕ್ಕೆ ಒಂಬತ್ತು ಜನರಲ್ಲಿ ನಾಲ್ವರು ಬೆಂಚಿನ ಮೇಲೆ ಕೂತಲ್ಲೇ ತೂಕಡಿಸುವುದನ್ನು ಕರಗತ ಮಾಡಿಕೊಂಡಿದ್ದರು.

"ಸಾರ್, ತಪ್ಪು ತಿಳ್ಕೋಬೇಡಿ," ಎಂದ ನಯಾಜ್ ಒಂದು ದಿನ. "ಮೂರು ನಂಬರ್ ಕೂಡ್ಸಿ ಮೂರ್ರಲ್ಲಿ ಭಾಗ್ಸೋಕೆ ಈ ಮಿಷನ್ ಬೇಕಾ? ನಮ್ ದಾದಿ, ಅಂದ್ರೆ ಅಜ್ಜಿ, ವೀಳ್ಯದೆಲೆ ಮಡಚೋದ್ರೊಳ್ಗೆ ಹೇಳ್ತಾರೆ."

ಅದೃಷ್ಟಕ್ಕೆ ಆಗ ಕರೆಂಟು ಹೋಯಿತು. ಈ ಸಲ ನಿಜವಾಗಿ ಹೋಯಿತು. ಲೋಡ್ ಶೆಡ್ಡಿಂಗಿನ ಹೊತ್ತು, ಹನ್ನೊಂದರಿಂದ ಒಂದು. ಎಲ್ಲರೂ ಹೊರಗಿನ ವರಾಂಡದಲ್ಲಿ ಕೂತರು. ನಾನು ಹತ್ತು ನಿಮಿಷ ಬಿಟ್ಟು ಹೋಗಿ ನೋಡಿದರೆ ಸೀಮೆಸುಣ್ಣದಲ್ಲಿ, ನನ್ನದೇ ಸೀಮೆಸುಣ್ಣದಲ್ಲಿ, ನೆಲದ ಮೇಲೆ ಐದಕ್ಕೆ ಐದು ಮನೆ ಬರೆದು, ಕಾಯಿ ಹೊಡೆಯಬಾರದ ಕಟ್ಟೆಗಳಿಗೆ ಅಡ್ಡಗೀಟು ಹಾಕಿ ಚೌಕಾಬಾರ ನಡೆಯುತ್ತಿದೆ. ತೂಕಡಿಸುತ್ತಿದ್ದ ನಾಲ್ವರೂ ಮೊಣಕಾಲ ಮೇಲೆ ಕೂತು ಕೂಗುತ್ತಿದ್ದಾರೆ. ರತ್ನಮ್ಮ ತಮ್ಮ ಬ್ಯಾಗಿನಿಂದ ನಾಲ್ಕು ಹುಣಸೆ ಬೀಜ ತೆಗೆದಿದ್ದರು. ಬೀಜ ಎಸೆದಾಗ ಬಿಳಿ ಮಗ್ಗುಲು ಮೇಲಾಗಿ ಎಷ್ಟು ಬಿದ್ದವೋ ಅಷ್ಟು ಮನೆ ನಡೆಯಬೇಕು. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕು ಮನೆ. ಒಂದೂ ಬಿಳಿಯಿಲ್ಲದೆ ಎಲ್ಲ ಕಂದಾದರೆ ಬಾರ, ಎಂಟು ಮನೆ. ಚೌಕ ಬಾರ ಬಿದ್ದವರಿಗೆ ಇನ್ನೊಂದು ಸಲ ಎಸೆಯುವ ಹಕ್ಕು. ನಿಮಗೆ ಗೊತ್ತಿರುವುದೇ.

ನಾನೂ ಕೂತೆ. ಸೋತೆ. ಸೋತು ಎದ್ದವನಿಗೆ, ಇವರಿಗೆ ಇದನ್ನೇ ಕಟ್ಟಲು ಹೇಳಿದರೆ ಹೇಗೆ ಎನ್ನಿಸಿತು. ಆಟ ಆಡುವುದಲ್ಲ, ಆಟವನ್ನು ಕಂಪ್ಯೂಟರಿಗೆ ಕಲಿಸುವುದು. ಇದು ನನಗೇ ಹೊಳೆಯಿತು ಎಂದು ಹೇಳಿಕೊಂಡು ಬಂದಿದ್ದೇನೆ. ರತ್ನಮ್ಮನೇ "ಇದ್ನ ಅದ್ರೊಳಕ್ಕೆ ಆಕಕಾಯ್ತದಾ ಸಾರ್?" ಎಂದು ಕೇಳಿದ ಹಾಗೂ ಕಿವಿಯಲ್ಲಿದೆ.

ಮುಂದಿನ ಒಂದು ವಾರ ನಾವು ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಆಟದ ನಿಯಮಗಳನ್ನು ಹಾಳೆಯ ಮೇಲೆ ಬರೆಯಲು ಕೂತೆವು, ಅಷ್ಟೆ. ಜಗಳ ಶುರುವಾಯಿತು.

"ಒಂದ್ ಕಾಯಾದ್ರೂ ಹೊಡೀದೆ ಒಳಸುತ್ತಿಗೆ ಹೋಗಂಗಿಲ್ಲ," ಎಂದರು ರತ್ನಮ್ಮ.

"ಅದ್ಯಾವ ಕಾನೂನು ಅಕ್ಕ? ನಮ್ಮನೇಲಿ ಎಲ್ರೂ ಹೋಗ್ತಾರೆ," ಎಂದ ನಯಾಜ್.

"ನಿಮ್ಮನೆಗೆ ಬಾಗ್ಲೇ ಇಲ್ವೇನೋ, ಅದ್ಕೆ."

"ಚುಂಚನಕಟ್ಟೆಯೋರ್ಗೆ ಹೊಡ್ಯೋದು ಬುಟ್ರೆ ಬೇರೆ ಕಸುಬೇ ಇಲ್ಲ ಬುಡಿ."

"ಸಾರ್, ಇವ್ನಿಗೆ ಏಳಿ, ನಾನಿವತ್ತು ಎದ್ದೋಗ್ತೀನಿ."

ಪಿರಿಯಾಪಟ್ಟಣದವರಿಗೆ ಒಂದು ನಿಯಮ, ಕೆ.ಆರ್. ನಗರದವರಿಗೆ ಇನ್ನೊಂದು. ಮೂರು ಸಲ ಸತತ ಬಾರ ಬಿದ್ದರೆ ಮೂರೂ ಸುಟ್ಟುಹೋಯಿತು ಎನ್ನುವವರು ಕೆಲವರು, ಸುಡುವುದೆಲ್ಲಿಯದು ಎನ್ನುವವರು ಹಲವರು. ಯಾವ ಹಳ್ಳಿಯ ನಿಯಮವನ್ನಾದರೂ ಇಟ್ಟುಕೊಳ್ಳಿ, ಆದರೆ ಎದುರಿಗಿರುವ ಯಂತ್ರಕ್ಕೆ ಯಾವ ಹಳ್ಳಿಯೂ ಗೊತ್ತಿಲ್ಲ, ನೀವು ಹೇಳದ್ದನ್ನು ಅದು ಮಾಡುವುದಿಲ್ಲ ಎಂದೆ. "ನಮ್ ಮಾವನ ಥರಾನೇ," ಎಂದ ನಯಾಜ್, "ಹೇಳ್ದಿದ್ರೆ ಕುಡ್ದ ಲೋಟಾನೂ ಎತ್ತಿಡಲ್ಲ." 'ಹೊಡೆದಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೇ ಸುತ್ತು' ಎಂಬ ಒಂದೇ ವಾಕ್ಯ ಬರೆಯಲು ಒಂದು ಬೆಳಿಗ್ಗೆ ಹಿಡಿಯಿತು. ಬರೆದು ಮುಗಿಸಿದಾಗ ಅವರಿಗೆ ಷರತ್ತು ಎಂದರೇನು ಎಂದು ನಾನು ಪಾಠ ಮಾಡುವ ಅಗತ್ಯವೇ ಉಳಿದಿರಲಿಲ್ಲ. ಇಪ್ಪತ್ತೈದು ಮನೆಗೆ ಇಪ್ಪತ್ತೈದು ಹೆಸರಿಡುವುದು ಬೇಡ, ಒಂದು ಹೆಸರಿಟ್ಟು ಇಪ್ಪತ್ತೈದು ನಂಬರು ಕೊಡೋಣ ಎಂದು ಅವರೇ ಹೇಳಿದರು. ನನ್ನ ಹಳೆಯ ಪಾಠದಲ್ಲಿ ಅದು ಏಳನೆಯ ಅಧ್ಯಾಯ. ನಾನು ಮೇಷ್ಟ್ರಾಗಿ ಒಳ್ಳೆಯ ಕೆಲಸ ಮಾಡಿದ ವಾರ ಅದೊಂದೇ ಇರಬಹುದು, ಮತ್ತು ಆ ವಾರ ನಾನು ಹೆಚ್ಚುಕಡಿಮೆ ಏನೂ ಮಾಡಲಿಲ್ಲ.

ಮಾಡಿದ ಒಂದೇ ಒಂದು ಕೆಲಸವೇ ತಪ್ಪಾಯಿತು.

ಬೀಜ ಎಸೆಯುವುದನ್ನು ಕಂಪ್ಯೂಟರಿಗೆ ಹೇಗೆ ಹೇಳುವುದು ಎಂಬ ಪ್ರಶ್ನೆ ಬಂತು. ಮನಸ್ಸಿಗೆ ಬಂದ ಅಂಕಿಯನ್ನು ಆರಿಸುವ ಒಂದು ಆಜ್ಞೆ ಇದೆ ಎಂದು ಹೆಮ್ಮೆಯಿಂದ ಹೇಳಿ ಬೋರ್ಡಿನ ಮೇಲೆ ನಾನೇ ಬರೆದೆ. ಸಾರಾಂಶ ಇಷ್ಟು: ಒಂದರಿಂದ ಐದರೊಳಗೆ ಯಾವುದಾದರೂ ಒಂದು ಅಂಕಿ ಆರಿಸು; ಐದು ಬಂದರೆ ಅದನ್ನು ಎಂಟು ಎಂದುಕೋ. ಬೀಳಬಹುದಾದ್ದು ಐದೇ ಬಗೆಯಲ್ಲವೇ? ಒಂದು, ಎರಡು, ಮೂರು, ಚೌಕ, ಬಾರ. ಒಂಬತ್ತು ಜನವೂ ಬರೆದುಕೊಂಡರು. ಹುಣಸೆ ಬೀಜ ತೇದು ತೋಳು ಸುಟ್ಟುಕೊಂಡು ಬೆಳೆದವನು ನಾನು. ಕೈಗೆ ಗೊತ್ತಿದ್ದದ್ದು ಆ ಹೊತ್ತಿಗೆ ತಲೆಗೆ ಬರಲಿಲ್ಲ.

ಅದೇ ದಿನಗಳಲ್ಲಿ ನಂಜುಂಡಪ್ಪನವರು ಪಿರಿಯಾಪಟ್ಟಣದಲ್ಲಿ ಇನ್ನೊಂದು ಶಾಖೆ ತೆರೆಯುತ್ತೇನೆ, ಕಲಿಸಲು ಒಬ್ಬರು ಬೇಕು ಎಂದರು. ರತ್ನಮ್ಮನ ಹೆಸರು ಹೇಳಿದೆ. ಅವರು ಮೂಗು ಮುರಿದರು. "ಟೈಪಿಂಗ್ ಬತ್ತದೆ, ಒಪ್ಕೋತೀನಿ. ಕಂಪ್ಯೂಟ್ರು ಬತ್ತದಾ? ನೀವು ಇಲ್ಲಿ ಚೌಕಾಬಾರ ಆಡಿಸ್ತಿದ್ದೀರಿ ಅಂತ ಬಜಾರಲ್ಲೆಲ್ಲ ಆಡ್ಕೋತಾವ್ರೆ ಕಣ್ರೀ. ಭಾನುವಾರ ಎಲ್ರ ಮನೆಯೋರ್ನೂ ಕರೀರಿ. ಆಯಮ್ಮ ಎಲ್ರ ಎದ್ರಿಗೂ ಮಾಡಿ ತೋರ್ಸ್ಲಿ. ಸರಿ ಅನ್ಸಿದ್ರೆ ಪಿರಿಯಾಪಟ್ಟಣ. ಇಲ್ಲಾಂದ್ರೆ ಬೇರೆಯೋರ್ನ ನೋಡ್ತೀನಿ."

ಫ್ಯಾರನ್‌ಹೀಟು ತೋರಿಸಿ, ಅದು ಕೈಕೊಡುವುದಿಲ್ಲ ಎಂದು ನಾನು ರತ್ನಮ್ಮನಿಗೆ ಹೇಳಿದೆ. ಅವರು ಒಪ್ಪಲಿಲ್ಲ, ಚೌಕಾಬಾರವನ್ನೇ ತೋರಿಸುತ್ತೇನೆ ಎಂದರು. ತಿಂಗಳ ಕೊನೆಗೆ ಇನ್‌ಸ್ಟಿಟ್ಯೂಟಿಗೆ ಬೀಗ. ಕಳೆದುಕೊಳ್ಳುವುದು ಅವರಿಗಿತ್ತು, ನನಗಲ್ಲ. ಆದ್ದರಿಂದ ಹಾಗೇ ಆಗಲಿ ಎಂದೆ.

ಶನಿವಾರ ಆಟ ಪೂರ್ತಿಯಾಯಿತು. ಆಡಿ ನೋಡಿದೆವು. ಕಾಯಿಗಳು ಓಡಿದ್ದೇ ಓಡಿದ್ದು. "ಮಿಷನ್ ನಸೀಬು ಜೋರಾಗೈತೆ ಸಾರ್," ಎಂದ ನಯಾಜ್. ರತ್ನಮ್ಮ ಪರದೆಯನ್ನೇ ನೋಡುತ್ತ, "ಸಾರ್, ಇದು ಸರೀನಾ?" ಎಂದು ಕೇಳಿದರು. "ಕಂಪ್ಯೂಟರು ತಪ್ಪು ಮಾಡಲ್ಲ ರತ್ನಮ್ಮ" ಎಂದು ನಾನು ಹೇಳಿದೆ. ಈ ಮಾತು ಹೇಳಿದ್ದು ಮಾತ್ರ ನಿಜ, ಏಕೆಂದರೆ ಆಮೇಲೆ ಎಷ್ಟೋ ದಿನ ನಯಾಜ್ ನನ್ನನ್ನು ಕಂಡಾಗೆಲ್ಲ ಅದನ್ನೇ ನನ್ನದೇ ದನಿಯಲ್ಲಿ ಹೇಳುತ್ತಿದ್ದ. ಅವರು ಕೇಳಿದ್ದು ಯಾವ ಸಾಲಿನ ಬಗ್ಗೆ ಎಂದು ಮಾತ್ರ ನಾನು ತಿರುಗಿ ನೋಡಲಿಲ್ಲ.

ಭಾನುವಾರ ಮಧ್ಯಾಹ್ನ. ಬೆಂಚುಗಳ ಮೇಲೆ ಮನೆಯವರು, ಮುಂದಿನ ಕುರ್ಚಿಯಲ್ಲಿ ನಂಜುಂಡಪ್ಪ. ರತ್ನಮ್ಮ ಅತ್ತೆಯನ್ನು ಕರೆತಂದಿದ್ದರು. ಚಿಕ್ಕತಾಯಮ್ಮ ಎಂದು ಹೆಸರು. ಬೀದಿಯಲ್ಲಿ ಚೌಕಾಬಾರಕ್ಕೆ ಎದುರಾಳಿ ಇಲ್ಲದವರು. ಅವರನ್ನೇ ಕಂಪ್ಯೂಟರಿನ ಮುಂದೆ ಕೂರಿಸಿದರು. ಆಯಮ್ಮ ಮಾನಿಟರನ್ನು ಹಿಂದೆಮುಂದೆ ಬಗ್ಗಿ ನೋಡಿದರು.

"ಎದ್ರುಗಡೆ ಆಡೋರ್ಯಾರೇ?"

"ಇದೇ ಕಣತ್ತೆ, ಮಿಷನ್ನು."

"ಕೈಯೇ ಇಲ್ವಲ್ಲೇ ಇದ್ಕೆ. ಬೀಜ ಎಂಗ್ ಆಕ್ತದೆ?"

"ಇಬ್ರುದ್ನೂ ಒಳಗೇ ಆಕ್ತದೆ. ಎಷ್ಟು ಬಿತ್ತು ಅಂತ ಇಲ್ಲಿ ತೋರ್ಸ್ತದೆ."

"ಕಾಣ್ದಂಗೆ ಬೀಜ ಆಕೋರ್ ಜತೆ ನಾನ್ ಯಾವತ್ತೂ ಆಡಿಲ್ಲ," ಎಂದು ಸೆರಗು ಸಿಕ್ಕಿಸಿಕೊಂಡರು. "ಆಗ್ಲಿ ಬುಡು, ಆಡ್ಸು."

ಯಂತ್ರಕ್ಕೆ ಬಾರ ಬಿತ್ತು. ಮತ್ತೆ ಚೌಕ. ಮತ್ತೆ ಬಾರ, ಆಮೇಲೆ ಎರಡು. ಆಯಮ್ಮನಿಗೆ ಚೌಕ, ಬಾರ, ಒಂದು. ಯಂತ್ರಕ್ಕೆ ತಿರುಗಿ ಬಾರ. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಚಿಕ್ಕತಾಯಮ್ಮ ಕುರ್ಚಿ ಹಿಂದಕ್ಕೆ ತಳ್ಳಿದರು.

"ಅಲ್ಲ ಕಣಪ್ಪ ಮೇಷ್ಟ್ರೇ, ಇದ್ರ ಹೊಟ್ಟೆಗೇನಾಕಿದ್ದೀಯ? ಕುಂತ್ರೆ ಬಾರ, ಎದ್ರೆ ಚೌಕ. ಒಂದ್ ಬಾರ ಬೀಳೋದ್ರೊಳಗೆ ಬಾಯಲ್ಲಿರೋ ಎಲೆ ಅಡಿಕೆ ಅಗ್ದು ಮುಗೀಬೇಕು. ಅದು ಬಾರ."

"ನಿಮ್ಗೂ ಬೀಳ್ತಾ ಐತಲ್ಲಮ್ಮ," ಎಂದರು ನಂಜುಂಡಪ್ಪ.

"ಅದ್ಕೇ ಏಳ್ತಿರೋದು. ಇಷ್ಟು ಸಲೀಸಾಗಿ ಬೀಳೋ ಬಾರ ನಂಗ್ ಬ್ಯಾಡ."

ಇಡೀ ಕೋಣೆ ನಕ್ಕಿತು. ನನಗೆ ಆ ಕ್ಷಣದಲ್ಲಿ ಎಲ್ಲವೂ ಕಂಡಿತು. ನಾಲ್ಕು ಬೀಜ ಎಸೆದರೆ ಅವು ಬೀಳುವುದು ಹದಿನಾರು ಬಗೆ. ಅದರಲ್ಲಿ ಎಲ್ಲ ಬಿಳಿ ಒಂದೇ ಬಗೆ, ಎಲ್ಲ ಕಂದು ಒಂದೇ ಬಗೆ. ಎರಡು ಬಿಳಿ ಎರಡು ಕಂದು ಎಂಬುದೇ ಆರು ಬಗೆ. ನಾನು ಬೋರ್ಡಿನ ಮೇಲೆ ಐದಕ್ಕೂ ಸಮಪಾಲು ಹಂಚಿಬಿಟ್ಟಿದ್ದೆ. ಆಗ ನಂಜುಂಡಪ್ಪನವರು ನಗುವನ್ನು ನಿಲ್ಲಿಸಿ ಕೇಳಿದರು: "ಇದನ್ನ ಬರ್ದೋರು ಯಾರ್ರೀ?"

ಇಲ್ಲಿ ನನ್ನ ಕತೆಯಲ್ಲಿ ಕರೆಂಟು ಹೋಗುತ್ತದೆ. ನಾನು 'ನಾನೇ' ಎನ್ನಲು ತೆರೆದ ಬಾಯಿ ಆ ಗದ್ದಲದಲ್ಲಿ ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ರತ್ನಮ್ಮ "ನಾನೇ ಬರ್ದಿದ್ದು ಸಾರ್" ಎಂದುಬಿಡುತ್ತಾರೆ. ನಂಜುಂಡಪ್ಪ "ತಪ್ಪು ಬರ್ಯೋರ್ನ ಮೇಷ್ಟ್ರು ಮಾಡಿ ಕಳಿಸಾಕಾಯ್ತದಾ ನನ್ ಕೈಲಿ?" ಎನ್ನುತ್ತಾರೆ. ರತ್ನಮ್ಮ "ಹತ್ತು ನಿಮಿಷ ಕೊಡಿ ಸಾರ್" ಎನ್ನುತ್ತಾರೆ.

ಮುಂದಿನದನ್ನು ಅಲ್ಲಿದ್ದವರೆಲ್ಲ ಒಂದೇ ಥರ ಹೇಳುತ್ತಾರೆ, ಆದ್ದರಿಂದ ನಂಬಬಹುದು. ರತ್ನಮ್ಮ ಬ್ಯಾಗಿನಿಂದ ಈ ಕಪ್ಪು ಡಬ್ಬಿ ತೆಗೆದು ನಾಲ್ಕು ಬೀಜಗಳನ್ನು ನಂಜುಂಡಪ್ಪನವರ ಕಾಲ ಬಳಿ ನೆಲಕ್ಕೆ ಎಸೆದರು. "ನೋಡಿ ಸಾರ್. ಇದು ಒಂದ್ ಅಂಕಿ ಅಲ್ಲ, ನಾಕು ಬೀಜ. ಒಂದೊಂದೂ ತಂತಮ್ಮ ಪಾಡಿಗೆ ಬೀಳ್ತವೆ. ಒಟ್ಟು ಎಷ್ಟು ಅಂತ ನಾನು ಮಿಷನ್ನನ್ನೇ ಕೇಳ್ಬುಟ್ಟಿದ್ದೆ. ಬೀಜ ಹಾಕು ಅಂತ ಹೇಳ್ಬೇಕಿತ್ತು." ಆಮೇಲೆ ಕೂತು, ಕೀಬೋರ್ಡು ನೋಡದೆ, ಪಟಪಟನೆ ಹೊಸ ಸಾಲುಗಳನ್ನು ಬರೆದರು. ಒಂದು ಬೀಜ ಎಸೆ. ಬಿಳಿಯಾದರೆ ಒಂದು ಕೂಡಿಸು. ಹೀಗೆ ನಾಲ್ಕು ಸಲ. ಒಟ್ಟು ಸೊನ್ನೆಯಾದರೆ ಎಂಟು. ಮಾನಿಟರಿನ ಕೆನ್ನೆಗೆ ಒಂದು ತಟ್ಟಿದರು. ಹತ್ತು ನಿಮಿಷ ಹಿಡಿಯಲಿಲ್ಲ.

ಚಿಕ್ಕತಾಯಮ್ಮ ಮತ್ತೆ ಆಡಿದರು. ಎರಡು, ಮೂರು, ಎರಡು, ಒಂದು. ಎಷ್ಟೋ ಹೊತ್ತಿನ ಮೇಲೆ ಒಂದು ಬಾರ ಬಿದ್ದಾಗ ಬೆಂಚಿನವರೆಲ್ಲ ಎದ್ದು ನಿಂತರು. "ಈಗ ಬೀಜ ಬಿದ್ದಂಗೆ ಬೀಳ್ತದೆ," ಎಂದರು ಆಯಮ್ಮ. ಆ ಆಟ ಗೆದ್ದವರು ಯಾರು ಎಂದು ಕೇಳಬೇಡಿ. ನಾನು ಒಂದೊಂದು ಸಲ ಒಬ್ಬೊಬ್ಬರನ್ನು ಗೆಲ್ಲಿಸಿದ್ದೇನೆ. ನಂಜುಂಡಪ್ಪ ಎದ್ದು ಪಂಚೆ ಕೊಡವಿ, "ಸೋಮವಾರ ಬಂದು ಬೀಗದ ಕೈ ಇಸ್ಕೊಂಡೋಗಮ್ಮ," ಎಂದರು.

ಅಂದರೆ ಕರೆಂಟು ಇತ್ತು. ಹತ್ತು ನಿಮಿಷದೊಳಗೆ ಅವರು ಕಂಪ್ಯೂಟರಿನಲ್ಲಿ ಬರೆದು ಸರಿಮಾಡಿದರು ಎಂದರೆ ಇರಲೇಬೇಕು. ಹೋಗಿದ್ದರೆ ಅವತ್ತಿನ ಲೆಕ್ಕದಲ್ಲಿ ಎರಡು ಗಂಟೆ ಬರುತ್ತಿರಲಿಲ್ಲ. ಜತೆಗೆ, ಕರೆಂಟು ಹೋದರೆ ಆಗಿನ ಕಂಪ್ಯೂಟರಿನಲ್ಲಿ ಬರೆದಿದ್ದೆಲ್ಲ ಮಾಯ. ಫ್ಲಾಪಿಯಿಂದ ಮತ್ತೆ ತರಬೇಕು. ಯಾರಿಗೂ ಅಂಥದ್ದು ನೆನಪಿಲ್ಲ. ಹತ್ತನೆಯ ಸಾಲಿನಲ್ಲಿ ಮಾಲೀಕರು ಕೇಳಿದರು. ಇಪ್ಪತ್ತನೆಯ ಸಾಲಿನಲ್ಲಿ ರತ್ನಮ್ಮ ಒಪ್ಪಿಕೊಂಡರು. ನಡುವೆ ಜಾಗವಿತ್ತು. ಹದಿನೈದನೆಯ ಸಾಲನ್ನು ನಾನು ಆಮೇಲೆ ಯಾವಾಗಲೋ ಬರೆದುಕೊಂಡಿದ್ದೇನೆ, ಅದು ಮೊದಲಿಂದಲೂ ಅಲ್ಲೇ ಇದ್ದ ಹಾಗೆ ಕೂತಿದೆ. ಅದನ್ನು ಅಳಿಸಿದರೆ ಅಲ್ಲಿ ಉಳಿಯುವುದು ಫ್ಯಾನಿನ ಸದ್ದು, ಸುಮ್ಮನೆ ನಿಂತ ನಾನು, ಬೋರ್ಡಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದ ರತ್ನಮ್ಮ. ಬೋರ್ಡಿನ ಮೇಲೆ ಆ ಸಾಲು ಇನ್ನೂ ಇತ್ತೇ, ನನ್ನ ಕೈಬರಹದಲ್ಲಿ? ಒರೆಸಿದ್ದರು ಎಂದುಕೊಳ್ಳಲು ಇಷ್ಟವಾಗುತ್ತದೆ.

ಪಿರಿಯಾಪಟ್ಟಣಕ್ಕೆ ಹೋಗುವ ದಿನ ರತ್ನಮ್ಮ ಈ ಡಬ್ಬಿ ಕೊಟ್ಟು, "ನಿಮ್ಮತ್ರ ಇರ್ಲಿ ಸಾರ್, ನಂಗೆ ಅತ್ತೆ ಬೇರೆ ತೇಯ್ದುಕೊಟ್ಟವ್ರೆ," ಎಂದರು. ಅವರ ಶಾಖೆ ಬಹಳ ವರ್ಷ ನಡೆಯಿತು. ಊರವರೆಲ್ಲ ಹೊಗೆಸೊಪ್ಪು ಬೇಯಿಸುವುದರಲ್ಲಿ ಮುಳುಗಿರುವ ಕಾಲದಲ್ಲಿ ಬೇರೆಯವರ ಕ್ಲಾಸುಗಳು ಖಾಲಿ ಹೊಡೆದರೆ ಅವರ ಕ್ಲಾಸಿಗೆ ಜನ ಹೊಗೆಯ ವಾಸನೆ ಹೊತ್ತುಕೊಂಡೇ ಬರುತ್ತಿದ್ದರಂತೆ. ಮೊದಲ ದಿನ ಪ್ರತಿಯೊಬ್ಬರಿಗೂ ಒಂದು ಹುಣಸೆ ಬೀಜ, ಒಂದು ಕಲ್ಲು. ತೇಯಿರಿ, ಆಮೇಲೆ ಕಂಪ್ಯೂಟರು. ಅಲ್ಲಿ ಕಲಿತ ಹೆಂಗಸೊಬ್ಬರು ಒಮ್ಮೆ ಬಸ್ಸಿನಲ್ಲಿ ಸಿಕ್ಕಿ, "ಇದು ನಮ್ ಸಾರ್ ಹೇಳ್ಕೊಟ್ಟಿದ್ದು ಅಂತ ಮೇಡಂ ಯಾವಾಗ್ಲೂ ಅಂತಾರೆ, ನೀವೇ ಅಲ್ವಾ ಸಾರ್?" ಎಂದು ಎದ್ದು ಸೀಟು ಬಿಟ್ಟುಕೊಟ್ಟರು. ನಾನು ಕೂತೆ. ಆ ಸೀಟಿನಲ್ಲಿ ಹುಣಸೂರಿನವರೆಗೂ ಬಂದೆ.

ಈಗ ಕಾಗದ. ಟೈಪಿಂಗ್ ಹಾಳೆಯ ಅರ್ಧ. ಮಡಿಕೆ ಬಿಡಿಸಿದರೆ ಎರಡು ಪಟ್ಟಿ, ಒಂದರ ತಲೆಯ ಮೇಲೆ 'ಬೀಜ', ಇನ್ನೊಂದರ ಮೇಲೆ 'ಮಿಷನ್'. ಕೆಳಗೆ ಒಂದು, ಎರಡು, ಮೂರು, ನಾಲ್ಕು, ಎಂಟು. ಪ್ರತಿಯೊಂದರ ಮುಂದೆ ನಾಲ್ಕು ಗೀಟು ಹಾಕಿ ಐದನೆಯದನ್ನು ಅಡ್ಡ ಹೊಡೆದ ಕಟ್ಟುಗಳು. ಬೀಜದ ಪಟ್ಟಿಯಲ್ಲಿ ಎರಡರ ಮುಂದೆ ಉಬ್ಬು, ನಾಲ್ಕು ಮತ್ತು ಎಂಟರ ಮುಂದೆ ಎರಡು ಮೂರೇ ಗೀಟು. ಮಿಷನ್ನಿನ ಪಟ್ಟಿಯಲ್ಲಿ ಐದೂ ಹೆಚ್ಚುಕಡಿಮೆ ಸಮ. ಕೈಬರಹ ರತ್ನಮ್ಮನದು. ತಾರೀಖಿಲ್ಲ.

ಮಿಷನ್ನಿನ ಪಟ್ಟಿ ನನ್ನ ತಪ್ಪು ಸಾಲಿನದು. ಅಂದರೆ ಅವರು ಎಣಿಸಿದ್ದು ಸರಿಮಾಡುವುದಕ್ಕೆ ಮೊದಲು ಇರಬೇಕು. ಪೂರ್ತಿ ಓದದೆ ಏನನ್ನೂ ಟೈಪ್ ಮಾಡದವರಲ್ಲವೇ, ಶನಿವಾರ ಅವರು 'ಸರೀನಾ' ಎಂದು ಕೇಳಿದ್ದು ಇದನ್ನೇ ಇರಬೇಕು. ಹಾಗಾದರೆ ತಪ್ಪು ಗೊತ್ತಿದ್ದೂ ಭಾನುವಾರ ಅದನ್ನೇ ಯಾಕೆ ಓಡಿಸಿದರು? ಮೇಷ್ಟ್ರು ಬರೆದ ಸಾಲು, ಕೇಳದೆ ಮುಟ್ಟಬಾರದು ಎಂದೇ? ಅಥವಾ ಎಲ್ಲರ ಮುಂದೆ ತಪ್ಪು ಕಾಣಲಿ, ಎಲ್ಲರ ಮುಂದೆಯೇ ಸರಿಮಾಡೋಣ ಎಂದು, ಆ ತಪ್ಪನ್ನು ಹಿಡಿಯಬಲ್ಲ ಒಬ್ಬರೇ ಒಬ್ಬರನ್ನು ಮನೆಯಿಂದ ಕರೆತಂದರೇ? ಬೀಜದ ಡಬ್ಬಿ ಬ್ಯಾಗಿನಲ್ಲಿ ಸಿದ್ಧವಾಗಿತ್ತು. ಆದರೆ ಅದು ಯಾವಾಗಲೂ ಬ್ಯಾಗಿನಲ್ಲೇ ಇರುತ್ತಿತ್ತು. ಅಥವಾ ಇದು ಯಾವುದೂ ಅಲ್ಲದೆ, ಆಮೇಲೆ ಪಿರಿಯಾಪಟ್ಟಣದ ಪಾಠಕ್ಕೆಂದು ಹಳೆಯ ಫ್ಲಾಪಿಯಿಂದ ತಪ್ಪು ಆಟವನ್ನು ಓಡಿಸಿ ಗೀಟು ಹಾಕಿದ್ದೂ ಇರಬಹುದು. ಬೀಜ ಸದ್ದು ಮಾಡದಿರಲಿ ಎಂದು ಕೈಗೆ ಸಿಕ್ಕ ಕಾಗದ ತುರುಕಿದ್ದೂ ಇರಬಹುದು. ಅಥವಾ, ನಾನು ಓದಲಿ ಎಂದೇ ಇಟ್ಟಿರಬಹುದು.

ಕೇಳಬಹುದು. ಅವರ ಫೋನ್ ನಂಬರು ನನ್ನ ಹತ್ತಿರ ಇದೆ. ಮೊನ್ನೆಯಿಂದ ಮೂರು ಸಲ ತೆಗೆದು ನೋಡಿದ್ದೇನೆ. ಅವರು "ನಂಗೇನೂ ನೆನಪಿಲ್ಲ ಸಾರ್" ಎಂದುಬಿಟ್ಟರೆ ನಾನು ನಂಬುವುದಿಲ್ಲ. "ನೆನಪಿದೆ" ಎಂದರೆ ಮುಂದಿನದನ್ನು ನಾನು ಕೇಳಬೇಕಾಗುತ್ತದೆ. ಇದನ್ನು ಬರೆಯುತ್ತ ಬೀಜಗಳನ್ನು ಮೇಜಿನ ಮೇಲೆ ಎಸೆದು ನೋಡಿದೆ. ಎರಡು ಬಿಳಿ, ಎರಡು ಕಂದು.

ಅವರಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ಮಧ್ಯಾಹ್ನ ನಾನು ನಿಜವಾಗಿ ಬಾಯಿ ತೆರೆದಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ.